ಗಟ್ಟಿ ಬೆಂಬಲಿಗನನ್ನು ತಯಾರಿಸುವ ಕ್ರಮ

ಬ್ರಿಟನ್ನಿನಲ್ಲಿ ಸಣ್ಣ ಪಕ್ಷವೊಂದು ಸಮೀಕ್ಷೆಯಲ್ಲಿ ನಾಲ್ಕು ಅಂಕ ಮೇಲೇರಿದರೆ ಸಾಕು, ಟಿವಿ ಪಂಡಿತರು ಅದರ ಮತದಾರನನ್ನು ತಟ್ಟಿ ನೋಡಲು ಶುರುಮಾಡುತ್ತಾರೆ. ಇವನು ಗಟ್ಟಿಯೋ, ಟೊಳ್ಳೋ? ರಿಫಾರ್ಮ್ ಪಕ್ಷ ಏರಲಿ, ಗ್ರೀನ್ ಪಕ್ಷ ಏರಲಿ, ವಿಚಾರಣೆ ಒಂದೇ. ದೊಡ್ಡ ಪಕ್ಷಗಳಾದ ಲೇಬರ್ ಮತ್ತು ಕನ್ಸರ್ವೇಟಿವ್ ಮತದಾರರಿಗೆ ಮಾತ್ರ ಈ ಪರೀಕ್ಷೆಯಿಂದ ವಿನಾಯಿತಿ ಉಂಟು. ಅವರದು ಹುಟ್ಟಾ ಗಟ್ಟಿತನವಂತೆ.

ಪರೀಕ್ಷೆಯ ವಿಧಾನ ಸುಲಭ. ಮೊದಲು 1000 ಜನರನ್ನು ಹಿಡಿಯಿರಿ. ಚುನಾವಣೆಗೆ ಇನ್ನೂ ಮೂರು ವರ್ಷವಿದ್ದರೂ ‘ನಾಳೆಯೇ ಮತದಾನ ನಡೆದರೆ’ ಎಂದು ಕೇಳಿ. ನಾಳೆ ನಡೆಯುವುದಿಲ್ಲವೆಂದು ಕೇಳುವವನಿಗೂ ಗೊತ್ತು, ಹೇಳುವವನಿಗೂ ಗೊತ್ತು. ಅದಕ್ಕೇ ಉತ್ತರ ಸಲೀಸಾಗಿ ಬರುತ್ತದೆ. 150 ಜನ ನಮ್ಮ ಸಣ್ಣ ಪಕ್ಷದ ಹೆಸರು ಹೇಳಿದರು ಎನ್ನಿ. ಶೇ 15 ಆಯಿತು; ಇದರಿಂದ ಒಳ್ಳೆಯ ತಲೆಬರಹ ಹುಟ್ಟುವುದಿಲ್ಲ. ಗಾಬರಿ ಬೇಡ. ‘ಗೊತ್ತಿಲ್ಲ’ ಎಂದ 150 ಮಂದಿಯನ್ನೂ ‘ನಾನು ಮತವೇ ಹಾಕುವುದಿಲ್ಲ’ ಎಂದ 100 ಮಂದಿಯನ್ನೂ ಮರ್ಯಾದೆಯಿಂದ ಬಾಗಿಲ ತನಕ ಕಳುಹಿಸಿ ಬನ್ನಿ. ಉಳಿದವರು 750. ಅದೇ 150 ಜನ ಈಗ ಶೇ 20! ಒಬ್ಬನೇ ಒಬ್ಬ ಮನಸ್ಸು ಬದಲಿಸಲಿಲ್ಲ, ಪಕ್ಷ ಐದು ಅಂಕ ಏರಿತು. ದೊಡ್ಡ ಪಕ್ಷಗಳೂ ಇದೇ ಲೆಕ್ಕದಲ್ಲಿ ಉಬ್ಬುತ್ತವೆ, ಆದರೆ ಅದಕ್ಕೆ ಯಾರೂ ‘ಅಲೆ’ ಎನ್ನುವುದಿಲ್ಲ.

ಪಟ್ಟಿಯ ಮಹಿಮೆ ಬೇರೆಯೇ. ‘ಈ ಪಕ್ಷಗಳಲ್ಲಿ ಯಾವುದಕ್ಕೆ?’ ಎಂದು ಓದಿ ಹೇಳುವಾಗ ಹೆಸರಿದ್ದರೆ ಮತ ಬರುತ್ತದೆ. ‘ಇತರರು’ ಎಂಬ ಗೋಣಿಚೀಲದೊಳಗೆ ತುರುಕಿದ್ದರೆ ಬೆಂಬಲಿಗ ತಾನಾಗಿ ಹೆಸರು ನೆನೆದು ಹೇಳಬೇಕು. ಬೆಂಬಲ ತೋರಿಸಿದರೆ ಪಟ್ಟಿಗೆ ಸೇರಿಸುತ್ತೇವೆ ಎನ್ನುತ್ತದೆ ಸಮೀಕ್ಷಾ ಕಂಪನಿ. ಪಟ್ಟಿಗೆ ಸೇರಿಸಿದರೆ ಬೆಂಬಲ ತೋರಿಸುತ್ತೇವೆ ಎನ್ನುತ್ತದೆ ಪಕ್ಷ. ಇನ್ನು ಕಳೆದ ಸಲದ ಮತವನ್ನು ಕೇಳಿ ಲೆಕ್ಕ ಸರಿದೂಗಿಸುವ ಪದ್ಧತಿಯೂ ಇದೆ. ಸಣ್ಣ ಪಕ್ಷಕ್ಕೆ ಹಾಕಿದ್ದನ್ನು ಮರೆತು ಗೆದ್ದವರಿಗೇ ಹಾಕಿದ್ದೆ ಎನ್ನುವವರು ಇದ್ದೇ ಇರುತ್ತಾರೆ. ನಿನ್ನೆ ಹುಟ್ಟಿದ ಪಕ್ಷಕ್ಕಂತೂ ‘ಕಳೆದ ಸಲ’ ಎಂಬುದೇ ಇಲ್ಲ.

ಈಗ ಗಟ್ಟಿತನಕ್ಕೆ ಬನ್ನಿ. ಆ 150 ಜನರನ್ನು ‘ಖಚಿತವೋ, ಬದಲಾಗಬಹುದೋ?’ ಎಂದು ಕೇಳಿ. 1000 ಜನರಿದ್ದಾಗ ಮೂರು ಅಂಕವಿದ್ದ ತಪ್ಪಿನ ಅಂತರ (ಅಂದರೆ ಸಂಖ್ಯೆ ಅತ್ತಿತ್ತ ಸರಿಯಬಹುದಾದಷ್ಟು) ಇಲ್ಲಿ ಎಂಟಕ್ಕೆ ಹಿಗ್ಗಿರುತ್ತದೆ. ಅದನ್ನು ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿ. ಅದರಲ್ಲೇ ಯುವತಿಯರನ್ನು ಬೇರೆ ಮಾಡಿದರೆ ಸಿಗುವವರು ಬಹುಶಃ 12 ಮಂದಿ. ತಪ್ಪಿನ ಅಂತರ 28. ಹೋದ ತಿಂಗಳಿಗಿಂತ ಮೂವರು ಕಡಿಮೆ ‘ಖಚಿತ’ ಎಂದರೆ ‘ಯುವತಿಯರ ಒಲವು ಕುಸಿತ’ ಎಂಬ ಲೇಖನ ಸಿದ್ಧ.

ತಜ್ಞರ ಬಳಿ ಹಳೆಯ ಉದಾಹರಣೆಗಳೂ ಇವೆ. 1981ರ ಡಿಸೆಂಬರ್‌ನಲ್ಲಿ ಎಸ್‌ಡಿಪಿ (ಸೋಷಿಯಲ್ ಡೆಮಾಕ್ರಟಿಕ್ ಪಕ್ಷ) ಮತ್ತು ಲಿಬರಲ್ ಪಕ್ಷದ ಮೈತ್ರಿಕೂಟಕ್ಕೆ ಗ್ಯಾಲಪ್ ಸಮೀಕ್ಷೆ ಕೊಟ್ಟದ್ದು ಶೇ 50. 1983ರಲ್ಲಿ ನಿಜವಾಗಿ ಬಂದದ್ದು ಶೇ 25.4. ನೋಡಿದಿರಾ, ಟೊಳ್ಳು! ಆದರೆ ಅದೇ ಚುನಾವಣೆಯಲ್ಲಿ ಶೇ 27.6 ಪಡೆದ ಲೇಬರ್‌ಗೆ 209 ಸ್ಥಾನ, ಮೈತ್ರಿಕೂಟಕ್ಕೆ 23. ಆ ಎರಡು ಅಂಕದಷ್ಟು ಗಟ್ಟಿತನದ ಬೆಲೆ 186 ಸ್ಥಾನ ಎಂಬುದನ್ನು ಯಾವ ಪಂಡಿತನೂ ಮತದಾರನ ತಲೆಗೆ ಕಟ್ಟಲಿಲ್ಲ, ಸದ್ಯ. 2010ರಲ್ಲಿ ತಮ್ಮ ನಾಯಕ ನಿಕ್ ಕ್ಲೆಗ್ ಟಿವಿ ಚರ್ಚೆಯಲ್ಲಿ ಮಿಂಚಿದ ಮೇಲೆ ಲಿಬರಲ್ ಡೆಮಾಕ್ರಾಟರು ಕೆಲವು ಸಮೀಕ್ಷೆಗಳಲ್ಲಿ ಶೇ 30 ದಾಟಿದರು. ಎಣಿಕೆ ಮುಗಿದಾಗ ಶೇ 23, ಹಿಂದಿನ ಸಲಕ್ಕಿಂತ ಐದು ಸ್ಥಾನ ಕಡಿಮೆ. ಆಮೇಲೆ ಸರ್ಕಾರ ಸೇರಿ, ವಿದ್ಯಾರ್ಥಿ ಶುಲ್ಕ ಏರಿಸುವುದಿಲ್ಲವೆಂದು ಸಹಿ ಹಾಕಿಕೊಟ್ಟ ಮಾತನ್ನು ಮುರಿದು, 2015ರಲ್ಲಿ ಎಂಟು ಸ್ಥಾನಕ್ಕಿಳಿದರು. ಇಲ್ಲಿ ಸಡಿಲವಾದದ್ದು ಯಾರು ಎಂಬ ಪ್ರಶ್ನೆ ಮಾತ್ರ ಪ್ರಶ್ನಾವಳಿಯಲ್ಲಿ ಇಲ್ಲ.

ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆಂದ ಯುಕಿಪ್ ಪಕ್ಷದ್ದು ಇನ್ನೂ ಮಜಾ. 2015ರಲ್ಲಿ ಶೇ 12.6 ಮತ, ಒಂದೇ ಸ್ಥಾನ. 2016ರಲ್ಲಿ ಒಕ್ಕೂಟ ಬಿಡುವ ಜನಮತಗಣನೆ ಗೆದ್ದಿತು, 2017ರಲ್ಲಿ ಶೇ 1.8ಕ್ಕೆ ಇಳಿಯಿತು. ಕೇಳಿದ್ದು ಸಿಕ್ಕಿತೆಂದು ಮತದಾರ ಎದ್ದು ಹೋದದ್ದಕ್ಕೆ ಅವನಿಗೆ ಬಂದ ಬಿರುದು ಚಂಚಲ. 2019ರ ಮೇ ತಿಂಗಳಲ್ಲಿ ಬ್ರೆಕ್ಸಿಟ್ ಪಕ್ಷವೆಂಬ ಹೊಸ ಬೋರ್ಡು ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಶೇ 30ಕ್ಕೂ ಹೆಚ್ಚು ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಡಿಸೆಂಬರ್‌ನ ಬ್ರಿಟಿಷ್ ಸಂಸತ್ತಿನ ಚುನಾವಣೆಯಲ್ಲಿ, ಹಿಂದಿನ ಸಲ ಕನ್ಸರ್ವೇಟಿವ್ ಗೆದ್ದಿದ್ದ 317 ಕ್ಷೇತ್ರಗಳನ್ನು ತಾನೇ ಬಿಟ್ಟುಕೊಟ್ಟು ಶೇ 2 ಗಳಿಸಿತು. ಅದೇ ಪಕ್ಷ ರಿಫಾರ್ಮ್ ಎಂದು ಹೆಸರು ಬದಲಿಸಿಕೊಂಡು 2024ರಲ್ಲಿ ಶೇ 14.3ಕ್ಕೆ ಏರಿತು. ಸಿಟ್ಟು ಇದ್ದಲ್ಲೇ ಇತ್ತು. ಅಂಗಡಿಯ ಬೋರ್ಡು ಎರಡು ಸಲ ಬದಲಾಯಿತು.

ಅತ್ತ ಹುಟ್ಟಾ ಗಟ್ಟಿಗರ ಸಮಾಚಾರ ಹೇಗಿದೆ? 2010ರಿಂದ 2017ರ ತನಕದ ಮೂರು ಚುನಾವಣೆಗಳಲ್ಲಿ ಒಂದೇ ಪಕ್ಷಕ್ಕೆ ಅಂಟಿಕೊಳ್ಳದವರು ಹತ್ತಿರ ಹತ್ತಿರ ಅರ್ಧದಷ್ಟು ಎಂದು ಬ್ರಿಟಿಷ್ ಚುನಾವಣಾ ಅಧ್ಯಯನವೇ ಹೇಳಿದೆ. 2024ರಲ್ಲಿ ಎರಡೂ ದೊಡ್ಡ ಪಕ್ಷಗಳನ್ನು ಕೂಡಿಸಿದರೂ ಶೇ 58 ಮುಟ್ಟಲಿಲ್ಲ. ಲೇಬರ್‌ಗೆ ಶೇ 33.7 ಮತಕ್ಕೆ 411 ಸ್ಥಾನ ಬಂದದ್ದರಿಂದ ಅದನ್ನು ‘ಪ್ರಚಂಡ ಬೆಂಬಲ’ ಎಂದು ದಾಖಲಿಸಲಾಯಿತು.

ಗಟ್ಟಿತನವನ್ನು ನೇರವಾಗಿ ಅಳೆಯುವುದು ಅಲ್ಲಿ ಠೇವಣಿಯೊಂದೇ. ಅಭ್ಯರ್ಥಿ 500 ಪೌಂಡ್ ಕಟ್ಟಬೇಕು, ಶೇ 5ಕ್ಕಿಂತ ಹೆಚ್ಚು ಮತ ಬಂದರೆ ವಾಪಸ್. 1985ರಿಂದ ಈ ಲೆಕ್ಕ ಬದಲಾಗಿಲ್ಲ. ಶೇ 4.9 ಬಂದವನು ಚುನಾವಣಾಧಿಕಾರಿಯ ಮುಂದೆ ನಿಂತು ‘ಹೆಚ್ಚು ಕಡಿಮೆ ಮೂರು ಅಂಕ ಸ್ವಾಮಿ’ ಎಂದು ವಾದಿಸಿದರೆ ದುಡ್ಡು ಸಿಗುವುದಿಲ್ಲ.