ಕೋಲೆ ಬಸವನ ತೀರ್ಪು

ರಕ್ತಪರೀಕ್ಷೆಯ ವರದಿಯನ್ನು ಎರಡು ಸಲ ತಿರುವಿ ಹಾಕಿದ ವೈದ್ಯರು ‘ದಿನಾ ಬೆಳಿಗ್ಗೆ ಓಡಿ’ ಎಂದಾಗ ನಾನು ತಲೆಯಾಡಿಸಿದೆ. ತಲೆಯಾಡಿಸುವುದು ನನ್ನ ಹುಟ್ಟುಗುಣ. ಕಚೇರಿಯಲ್ಲಿ ಮೇಲಧಿಕಾರಿಗೂ, ಮನೆಯಲ್ಲಿ ಹೆಂಡತಿಗೂ, ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೂ ಭೇದವಿಲ್ಲದೆ ತಲೆಯಾಡಿಸುತ್ತ ಬಂದಿರುವ ನನ್ನನ್ನು ಸ್ನೇಹಿತರು ಕೋಲೆ ಬಸವನೆಂದೇ ಕರೆಯುತ್ತಾರೆ. ಅಂಥ ನನಗೆ ಅಸಲಿ ಕೋಲೆ ಬಸವನೇ ನಡುಬೀದಿಯಲ್ಲಿ ಎದುರಾಗಿ, ನನ್ನ ವಿಷಯದಲ್ಲಿ ತಲೆಯಾಡಿಸಲು ಒಪ್ಪದೆ ಹೋದದ್ದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ನನ್ನ ಓಟದ ದಾರಿ ಬಸವನಗುಡಿಯ ಕೃಷ್ಣರಾವ್ ಪಾರ್ಕಿನಿಂದ ಹೊರಟು, ಗಾಂಧಿ ಬಜಾರನ್ನು ದಾಟಿ, ರಾಮಕೃಷ್ಣ ಆಶ್ರಮದ ವೃತ್ತದಿಂದ ಬುಲ್ ಟೆಂಪಲ್ ರಸ್ತೆ ಹಿಡಿದು ಬ್ಯೂಗಲ್ ರಾಕ್‌ವರೆಗೆ ಹೋಗುತ್ತದೆ. ಈ ದಾರಿಯಲ್ಲಿ ಕಷ್ಟದ ಭಾಗ ಏರಲ್ಲ, 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದ ಮುಂದಿನ ಸಮತಟ್ಟಾದ ನೂರು ಹೆಜ್ಜೆ. ಆ ಭಾನುವಾರ ಮೂಗು ಮುಚ್ಚಿಕೊಂಡು ಅದನ್ನೂ ದಾಟಿದ್ದೆ. ಆದರೆ ಮಾರನೆಯ ದಿನ ಕಾರ್ತಿಕದ ಕಡೆಯ ಸೋಮವಾರವೆಂಬುದು ಮರೆತುಹೋಗಿತ್ತು. ಕಡಲೆಕಾಯಿ ಪರಿಷೆಗೆ ಬಂದ ಮೂಟೆಗಳು ಫುಟ್‌ಪಾತಿನ ಉದ್ದಕ್ಕೂ ಬಿಚ್ಚಿಕೊಂಡು, ಹಸಿಕಾಯಿಯದೊಂದು, ಹುರಿದದ್ದೊಂದು ಎಂದು ರಾಶಿರಾಶಿಯಾಗಿ ಬಿದ್ದಿದ್ದವು. ಅವುಗಳ ನಡುವೆ ನಾನು ಓಡುತ್ತಿದ್ದೆನೋ ಕುಣಿಯುತ್ತಿದ್ದೆನೋ, ನೋಡಿದವರೇ ಹೇಳಬೇಕು.

ಕಡಲೆಕಾಯಿ ಕದ್ದು ತಿನ್ನುತ್ತಿದ್ದ ಬಸವ ಕಲ್ಲಾಗಿ, ಕಲ್ಲಾದ ಮೇಲೂ ಬೆಳೆಯುತ್ತಲೇ ಹೋದನೆಂದೂ, ಬೆಳವಣಿಗೆ ನಿಲ್ಲಲೆಂದು ನೆತ್ತಿಗೆ ತ್ರಿಶೂಲ ನೆಟ್ಟರೆಂದೂ ಇಲ್ಲಿನ ಐತಿಹ್ಯ. ಕಡಲೆಬೀಜ ತಿಂದರೆ ಮೈ ಬೆಳೆಯುತ್ತದೆಂಬುದನ್ನು ನಮ್ಮ ಹಿರಿಯರು ವೈದ್ಯರಿಗಿಂತ ಮೊದಲೇ ಕಂಡುಕೊಂಡಿದ್ದರು ಎಂದು ಯೋಚಿಸುತ್ತ ಒಂದು ಮೂಟೆಯನ್ನು ಬಳಸಿ ತಿರುಗಿದೆನೋ ಇಲ್ಲವೋ, ಒಂದು ಜೊತೆ ಕೊಂಬುಗಳ ಮುಂದೆ ಗಕ್ಕನೆ ನಿಂತಿದ್ದೆ.

ಬಣ್ಣದ ಚೂರುಬಟ್ಟೆಗಳನ್ನು ಸೇರಿಸಿ ಹೊಲಿದ ಜೂಲು, ಕೊಂಬಿನ ತುದಿಯಲ್ಲಿ ಉಣ್ಣೆಯ ಗೊಂಡೆ, ಕೊರಳಲ್ಲಿ ಕವಡೆಸರ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಕ್ಯೂಆರ್ ಕೋಡ್. ಬಸವ ನನ್ನ ಕಡೆ ನೋಡಲೂ ಇಲ್ಲ. ಎಲ್ಲಿಂದಲೋ ಎತ್ತಿಕೊಂಡ ಕಡಲೆಕಾಯಿಯನ್ನು ಸಿಪ್ಪೆಸಮೇತ ನಿಧಾನವಾಗಿ ಅಗಿಯುತ್ತಿದ್ದ. ಪಕ್ಕದಲ್ಲಿದ್ದ ಯಜಮಾನ ಉರುಮೆಯನ್ನು ಒಮ್ಮೆ ಗುರುಗುಟ್ಟಿಸಿ, ಏದುಸಿರು ಬಿಡುತ್ತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಏನಪ್ಪಾ ಬಸವಣ್ಣಾ, ಸ್ವಾಮಿಗಳು ಧರ್ಮವಂತರೇನಪ್ಪಾ?”

ಬಸವ ಹೌದೆಂದು ತಲೆಯಾಡಿಸಿದ. ಮನೆ ತುಂಬ ಮಕ್ಕಳು ಮರಿ ಚೆನ್ನಾಗಿರುತ್ತಾರೆಯೇ ಎಂದು ಕೇಳಿದ್ದಕ್ಕೂ ಆಡಿಸಿದ.

“ಹಿಂಗೆ ಓಡಿ ಓಡಿ ಇವರ ಹೊಟ್ಟೆ ಕರಗ್ತದೇನಪ್ಪಾ?”

ಬಸವ ಅಗಿಯುವುದನ್ನು ನಿಲ್ಲಿಸಿ, ಎಡಕ್ಕೂ ಬಲಕ್ಕೂ ಗೊಂಡೆಗಳು ತೂಗಾಡುವಂತೆ ಇಲ್ಲವೆಂದ. ಯಜಮಾನನ ಹೆಬ್ಬೆರಳು ಮೂಗುದಾರವನ್ನು ಎಳ್ಳಷ್ಟು ಎಳೆದದ್ದನ್ನು ನಾನು ಕಣ್ಣಾರೆ ಕಂಡೆ. ಆದರೂ ಅವಮಾನಕ್ಕೆ ಅದರಿಂದ ಏನೂ ರಿಯಾಯಿತಿ ಸಿಗಲಿಲ್ಲ. ಸೇರಿನಲ್ಲಿ ಕಾಯಿ ಅಳೆಯುತ್ತಿದ್ದ ಹೆಂಗಸು ಸೇರನ್ನು ಹಾಗೆಯೇ ಹಿಡಿದುಕೊಂಡು ನಕ್ಕಳು.

ಓಡುವವನ ಬಳಿ ಚಿಲ್ಲರೆ ಎಲ್ಲಿಂದ ಬರಬೇಕು? ಇಪ್ಪತ್ತು ರೂಪಾಯಿ ಕಳಿಸಿ ಜಾಗ ಖಾಲಿ ಮಾಡೋಣವೆಂದು ತೋಳಿಗೆ ಕಟ್ಟಿದ್ದ ಮೊಬೈಲನ್ನು ಬಿಚ್ಚಿದರೆ, ಬೆವರಿದ ಬೆರಳನ್ನು ಅದು ನನ್ನದೆಂದು ಒಪ್ಪಲಿಲ್ಲ. ಒರೆಸಿಕೊಳ್ಳಲು ನನ್ನ ಅಂಗಿ ಬೆರಳಿಗಿಂತ ಒದ್ದೆಯಾಗಿತ್ತು. ಯಜಮಾನ ಉದಾರವಾಗಿ ಜೂಲಿನ ಅಂಚನ್ನು ಚಾಚಿದ, ಒರೆಸಿಕೊಂಡೆ. ಕ್ಯೂಆರ್ ಕೋಡನ್ನು ಹಿಡಿಯಲು ಬಗ್ಗಿದಾಗಲೆಲ್ಲ ಬಸವ ಕೊರಳು ಕೊಂಕಿಸುತ್ತಿದ್ದ. ಮೂರನೆಯ ಸಲಕ್ಕೆ ಸಿಕ್ಕಿತು. 20 ಎಂದು ಒತ್ತಿದೆ, ಪಿನ್ ಹಾಕಿದೆ. ಯಜಮಾನನ ಹೆಗಲ ಚೀಲದೊಳಗಿನ ಪೆಟ್ಟಿಗೆ “ಇನ್ನೂರು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಬೀದಿಗೆಲ್ಲ ಕೇಳುವಂತೆ ಸಾರಿತು. ಒದ್ದೆ ಗಾಜು ಒಂದು ಸೊನ್ನೆಯನ್ನು ತಾನೇ ಸೇರಿಸಿಕೊಂಡಿತ್ತು.

ಆ ದನಿ ಕೇಳಿದ್ದೇ ತಡ, ಯಾರೂ ಏನೂ ಕೇಳದಿದ್ದರೂ, ಹಗ್ಗ ಸಡಿಲವಾಗಿಯೇ ಇದ್ದರೂ, ಬಸವ ಮೇಲೆ ಕೆಳಗೆ ಜೋರಾಗಿ ತಲೆಯಾಡಿಸಿದ.

“ನೋಡಿ ಸ್ವಾಮಿ, ಕರಗ್ತದಂತೆ!” ಎಂದ ಯಜಮಾನ.

ದಾನವೆಂದು ಸಾರಿದ ಮೇಲೆ 180 ರೂಪಾಯಿ ವಾಪಸು ಕೇಳುವ ಧೈರ್ಯ ಧರ್ಮವಂತನಾದ ನನಗೆ ಬರಲಿಲ್ಲ. ಮನೆಯ ದಾರಿಯನ್ನು ನಡೆದೇ ಮುಗಿಸಿದೆ. ನಮ್ಮದು ಜಂಟಿ ಖಾತೆ. ಹಣ ಹೋದ ಸಂದೇಶ ನನಗಿಂತ ಮೊದಲೇ ಮನೆ ತಲುಪಿತ್ತು.

“ಬೆಳಿಗ್ಗೆ ಆರೂ ಮುಕ್ಕಾಲಿಗೆ ಇನ್ನೂರು ರೂಪಾಯಿ ಎಲ್ಲಿಗೆ ಹೋಯಿತು?” ಎಂದು ಹೆಂಡತಿ ಬಾಗಿಲಲ್ಲೇ ಕೇಳಿದಳು.

“ಬಸವಣ್ಣನಿಗೆ ಕೊಟ್ಟೆ.”

ಅವಳು ಹತ್ತಿರ ಬಂದು ನನ್ನ ಬೆರಳುಗಳನ್ನು ಮೂಸಿ ನೋಡಿದಳು. ದನದ ಜೂಲಿನ ವಾಸನೆ ಬಡಿದಿರಬೇಕು, ಒಂದು ಕ್ಷಣ ಮುಖ ಹಿಂದಕ್ಕೆ ತೆಗೆದುಕೊಂಡಳು. ನಾನು ಗೆದ್ದೆನೆಂದುಕೊಂಡೆ.

“ಎರಡು ಮಸಾಲೆಯೋ, ಮೂರೋ? ಅಷ್ಟು ಹೇಳಿ ಸಾಕು” ಎಂದಳು. “ತುಪ್ಪವೇ ಹಾಳಾಗಿತ್ತು ಅನ್ನಿಸುತ್ತದೆ.”