ಒಂದೇ ಹೊಳ್ಳೆಯಿಂದ ಸೋರುವ ನೀರು ಶೀತ ಅಲ್ಲದಿರಬಹುದು

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಮೂಗು ಸೋರದ ಮಗು ಯಾವುದಿದೆ ಹೇಳಿ? ಕಾಳುಮೆಣಸಿನ ಕಷಾಯ ಕುಡಿಸಿ ಸುಮ್ಮನಾಗುತ್ತೇವೆ. ತಲೆಗೆ ಪೆಟ್ಟು ಬಿದ್ದ ಮಗುವಿಗೂ ಹೀಗೇ ಮಾಡುತ್ತೇವಲ್ಲ, ನನ್ನ ತಕರಾರು ಅದು.

ನಮ್ಮ ನೆಂಟರ ಹುಡುಗನೊಬ್ಬನಿಗೆ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಸೋಂಕು ಬಂತು. ಗುಣವಾಯಿತು. ಮತ್ತೆ ಬಂತು. ಮನೆಯವರು ಗ್ರಹಚಾರ ಅಂದರು. ಎರಡನೇ ಸಲ ನೋಡಿದ ಡಾಕ್ಟರಮ್ಮ ಕೇಳಿದರು, "ಯಾವತ್ತಾದರೂ ತಲೆಗೆ ಪೆಟ್ಟಾಗಿತ್ತಾ?" ಅಜ್ಜಿ ಹೇಳಿದರು, "ಹಲಸಿನ ಮರದಿಂದ ಬಿದ್ದಿದ್ದ, ಅದು ಯಾವ ಕಾಲದ ಮಾತು ಬಿಡಿ." ಮೊದಲ ಆಸ್ಪತ್ರೆಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಮನೆಯವರೂ ಹೇಳಿರಲಿಲ್ಲ.

ಮೂಗಿನ ಮೇಲೆ, ಮಿದುಳಿನ ತಳದಲ್ಲಿರುವ ಮೂಳೆ ತುಂಬಾ ತೆಳು. ಪೆಟ್ಟಿಗೆ ಅದು ಬಿರುಕು ಬಿಟ್ಟು, ಮಿದುಳಿನ ಪೊರೆಯೂ ಹರಿದರೆ ಒಳಗಿನ ನೀರು ಮೂಗಿಗೆ ಸೋರುತ್ತದೆ. ನೀರು ಹೊರಗೆ ಬರುವ ದಾರಿಯಲ್ಲೇ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಹೆಚ್ಚಾಗಿ ನ್ಯೂಮೋಕಾಕಸ್. ಅದು ಎಷ್ಟೋ ಮಕ್ಕಳ ಮೂಗಿನಲ್ಲಿ ಏನೂ ತೊಂದರೆ ಕೊಡದೆ ಇರುವಂಥದ್ದೇ. ಬಿದ್ದು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಕಾಯಿಲೆ ಬರಬಹುದು. ಆಂಟಿಬಯಾಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ತೂತು ಮುಚ್ಚುವುದಿಲ್ಲ. ಅದಕ್ಕೇ ಎರಡನೇ ಸಲ ಬಂದರೆ ಗುಣ ಮಾಡಿ ಮನೆಗೆ ಕಳಿಸಿದರೆ ಸಾಲದು, ತೂತು ಹುಡುಕಲೇಬೇಕು ಅನ್ನುವುದು ನನ್ನ ಹಟ.

ಬಿದ್ದ ಮೇಲೆ ಒಂದೇ ಹೊಳ್ಳೆಯಿಂದ ತಿಳಿ ನೀರು ಬರುತ್ತಿದೆಯಾ? ಬಗ್ಗಿದರೆ ಜಾಸ್ತಿಯಾಗುತ್ತದಾ? ಗಂಟಲಲ್ಲಿ ಉಪ್ಪುಪ್ಪು ಅನ್ನುತ್ತದಾ ಮಗು? ಡಾಕ್ಟರಿಗೆ ತೋರಿಸಿ. ಆ ನೀರಿನಲ್ಲಿ ಬೀಟಾ-2 ಟ್ರಾನ್ಸ್‌ಫೆರಿನ್ (ಮಿದುಳಿನ ನೀರಿನಲ್ಲಿರುವ, ಶೀತದ ಸಿಂಬಳದಲ್ಲಿ ಇರದ ಪ್ರೋಟೀನ್) ಇದೆಯಾ ಎಂದು ಪರೀಕ್ಷೆ ಮಾಡುತ್ತಾರೆ, ಸಿಟಿ ಸ್ಕ್ಯಾನ್‌ನಲ್ಲಿ ಬಿರುಕು ಹುಡುಕುತ್ತಾರೆ. ಎಷ್ಟೋ ಸಲ ತಲೆ ತೆರೆಯದೆ, ಮೂಗಿನ ಮೂಲಕವೇ ದುರ್ಬೀನು ಹಾಕಿ ಮುಚ್ಚಬಹುದು. ಕಿವಿಯ ಕಡೆ ಮೂಳೆ ಬಿರುಕು ಬಿಟ್ಟಿದ್ದರೆ ನೀರು ಒಳಗಿಂದೊಳಗೇ ಗಂಟಲಿಗೆ ಇಳಿದು, ಹೊರಗೆ ಏನೂ ಕಾಣದೇ ಇರಬಹುದು. ಹಾಗಾಗಿ ಹಳೇ ಪೆಟ್ಟಿನ ವಿಷಯ ಡಾಕ್ಟರ್ ಕೇಳಲಿ ಬಿಡಲಿ, ನೀವೇ ಹೇಳಿ. ಡಿಸ್ಚಾರ್ಜ್ ಚೀಟಿ ಒಲೆಗೆ ಹಾಕಬೇಡಿ ಮಾರಾಯ್ರೆ.

ತಲೆ ತಾಗಿದ ಮಕ್ಕಳಿಗೆಲ್ಲ ಹೀಗಾಗುವುದಿಲ್ಲ, ಹೆದರಬೇಡಿ. ಆದರೆ ಜ್ವರ, ವಾಂತಿ, ಕುತ್ತಿಗೆ ಬಿಗಿತ, ಮಂಪರು ಒಟ್ಟಿಗೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ನಮ್ಮಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆ ನೆನಪಾಗುತ್ತದೆ, ಸಹಜವೇ. ಇದನ್ನೂ ನೆನಪಿಡಿ ಅಷ್ಟೆ.

ನ್ಯೂಮೋಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 6 ವಾರ, 14 ವಾರ, 9 ತಿಂಗಳಿಗೆ ಕೊಡುತ್ತಾರೆ. 2021ಕ್ಕಿಂತ ಮೊದಲು ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಈ ಲಸಿಕೆ ಸಿಕ್ಕಿಲ್ಲ. ತಲೆಗೆ ಜೋರು ಪೆಟ್ಟಾದ ಮಗು ನಿಮ್ಮ ಮನೆಯಲ್ಲಿದ್ದರೆ ಲಸಿಕೆ ಕಾರ್ಡ್ ತೆಗೆದು ನೋಡಿ, ಮಕ್ಕಳ ಡಾಕ್ಟರ್ ಹತ್ತಿರ ಒಮ್ಮೆ ಕೇಳಿ.