ಅಂಗಳದ ಸೊಪ್ಪಿಗೆ ಔಷಧಿ ಹೊಡೆಸಬೇಕಂತೆ

ಏಪ್ರಿಲ್ ಬಂದರೆ ಅಮೆರಿಕದ ಪೆನ್ಸಿಲ್ವೇನಿಯಾದ ನಮ್ಮ ಬಡಾವಣೆಯ ಹುಲ್ಲಿನ ನಡುವೆ ಹಳದಿ ಹೂ ಏಳುತ್ತವೆ. ಡ್ಯಾಂಡೆಲಿಯನ್ ಹೂ. ಈ ವರ್ಷ ಅದರ ಹಿಂದೆಯೇ ಮನೆಮಾಲೀಕರ ಸಂಘದಿಂದ ಒಂದು ಕಾಗದವೂ ಬಂತು. ನಿಮ್ಮ ಮನೆ ಮುಂದೆ ಕಳೆ ಜಾಸ್ತಿಯಾಗಿದೆ, ಔಷಧಿ ಹೊಡೆಸಿ, ಇಲ್ಲದಿದ್ದರೆ ದಂಡ ಕಟ್ಟಬೇಕಾಗುತ್ತದೆ ಅಂತ. ಓದಿ ತುಂಬಾ ಬೇಜಾರಾಯಿತು. ಆ ಗಿಡಗಳನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಸ್ವಲ್ಪ ದಿನದ ಹಿಂದಷ್ಟೇ ಅದೇ ಅಂಗಳದ ಎಲೆ ಕಿತ್ತು, ತೊಗರಿಬೇಳೆ ಜೊತೆ ಬೇಯಿಸಿ, ಬಸ್ಸಾರು ಮಾಡಿ ಮುದ್ದೆ ಉಂಡಿದ್ದೆವು.

ಇದನ್ನು ತಿನ್ನಬಹುದು ಅಂತ ತೋರಿಸಿಕೊಟ್ಟವರು ಹಿಂದಿನ ಬೀದಿಯ ಒಬ್ಬ ಅಜ್ಜಿ. 18ನೇ ಶತಮಾನದಲ್ಲಿ ಜರ್ಮನ್ ಸೀಮೆಯಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಪೆನ್ಸಿಲ್ವೇನಿಯಾ ಡಚ್ ಜನರ ಪೈಕಿ ಅವರದು. ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಾರೆ. ಗಿಡದ ಪಕ್ಕ ಸಣ್ಣ ಚಾಕು ಇಳಿಸಿ, ಎಲೆಗಳೆಲ್ಲ ಕೂಡುವ ಜಾಗದ ಸ್ವಲ್ಪ ಕೆಳಗೆ ಬೇರನ್ನು ಕೊಯ್ಯುತ್ತಾರೆ. ಇಡೀ ಕಟ್ಟು ಬಿಡದೆ ಕೈಗೆ ಬರುತ್ತದೆ. ಕೊಯ್ದಲ್ಲಿ ಬಿಳಿ ಹಾಲು ಒಸರುತ್ತದೆ. ಒಣಗಿದ ಮೇಲೆ ಅದು ಬೆರಳಿಗೆ ಕಂದು ಕಲೆ. ಮೊಗ್ಗು ಬುಡದಲ್ಲೇ ಅಡಗಿರುವಾಗ ಕೀಳಬೇಕು, ಹೂ ಬಂದ ಮೇಲೆ ಕಹಿ ಏರುತ್ತದೆ ಅಂದರು. ಒಳಗುಳಿದ ಬೇರಿನಿಂದ ಮತ್ತೆ ಚಿಗುರುತ್ತದೆ.

ಅವರಿಗೆ ಇದಕ್ಕೊಂದು ದಿನವೇ ಇದೆ. ಈಸ್ಟರಿಗೆ ಮುಂಚಿನ ಗುರುವಾರ ಹಸಿರು ಸೊಪ್ಪು ತಿನ್ನಬೇಕು, ತಿಂದರೆ ವರ್ಷವಿಡೀ ಕಾಯಿಲೆ ಬರುವುದಿಲ್ಲ ಅನ್ನುವ ನಂಬಿಕೆ. ಚಳಿಗಾಲ ಕಳೆದ ಮೇಲೆ ಮೊದಲು ಏಳುವ ಸೊಪ್ಪು ಇದೇ ಆದ್ದರಿಂದ ಅದೇ ತಟ್ಟೆಗೆ ಬರುತ್ತದೆ. ಬೇಕನ್ ಹುರಿದ ಕೊಬ್ಬಿಗೆ ವಿನೆಗರ್, ಸಕ್ಕರೆ, ಮೊಟ್ಟೆ ಹಾಕಿ ಕುದಿಸಿ, ಹಸಿ ಎಲೆಯ ಮೇಲೆ ಬಿಸಿಬಿಸಿಯಾಗಿ ಸುರಿಯುತ್ತಾರೆ. ಜೊತೆಗೆ ಬೇಯಿಸಿದ ಆಲೂಗಡ್ಡೆ. ಹುಳಿ, ಸಿಹಿ, ಕಹಿ ಮೂರೂ ಒಂದೇ ತುತ್ತಿನಲ್ಲಿ. ನಾವು ಬೇವು-ಬೆಲ್ಲ ತಿನ್ನುವ ಆಸುಪಾಸಿನಲ್ಲೇ ಇವರದೂ ಬರುತ್ತದೆ. ಮೊದಲ ಸಲ ಅವರ ಮನೆಯಲ್ಲಿ ಅದನ್ನು ಉಂಡಾಗ ನನಗೆ ಇವರು ಬೇರೆಯವರು ಅಂತ ಅನಿಸಲೇ ಇಲ್ಲ.

ಮಕ್ಕಳ ಲೋಕದಲ್ಲೂ ಈ ಗಿಡಕ್ಕೆ ಜಾಗವಿದೆ. ಹೂ ಮಾಗಿ ಬಿಳಿ ಬುರುಗಿನ ಉಂಡೆಯಾದಾಗ ಊದುತ್ತಾರೆ. ಒಂದೇ ಉಸಿರಿಗೆ ಬೀಜವೆಲ್ಲ ಹಾರಿದರೆ ಮನಸ್ಸಲ್ಲಿ ಅಂದುಕೊಂಡಿದ್ದು ಆಗುತ್ತದೆ. ಎಷ್ಟು ಸಲ ಊದಬೇಕಾಯಿತೋ ಗಂಟೆ ಅಷ್ಟು ಅನ್ನುವ ಆಟವೂ ಉಂಟು. ನಾವು ಎಕ್ಕದ ಹತ್ತಿ ಹಾರಿಸಿದ ಹಾಗೆ. ಈ ಹೂ ಮುಟ್ಟಿದರೆ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತೀರಿ ಅಂತ ಯುರೋಪಿನಲ್ಲಿ ಮಕ್ಕಳನ್ನು ಹೆದರಿಸುವುದುಂಟು. ಮುಟ್ಟಿದರೆ ಏನೂ ಆಗುವುದಿಲ್ಲ, ಆದರೆ ಎಲೆಯನ್ನು ಮೂತ್ರ ಚೆನ್ನಾಗಿ ಹೋಗಲಿ ಅಂತ ಹಿಂದಿನಿಂದಲೂ ಮದ್ದಾಗಿ ಕೊಡುತ್ತಾ ಬಂದಿದ್ದಾರೆ. ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಂಡು, ಮಾರನೆಯ ದಿನ ಮೂತ್ರ ಕೆಂಪಾಯಿತಾ ಅಂತ ನೋಡಿಕೊಳ್ಳುವ ನಮ್ಮ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಕಾಮಾಲೆಗೆ ನೆಲನೆಲ್ಲಿ ಅರೆದು ಕುಡಿಸುವಂತೆ ಅವರು ಪಿತ್ತಜನಕಾಂಗಕ್ಕೆ ಇದರ ಬೇರು ಅಂದರು. ಆ ಬೇರನ್ನೇ ಹುರಿದು ಪುಡಿ ಮಾಡಿದರೆ ಕಾಫಿಯಂಥ ಕಷಾಯ. ಕುಡಿದು ನೋಡಿದೆ, ಗುರುತಿನ ರುಚಿ. ನಮ್ಮ ಫಿಲ್ಟರ್ ಕಾಫಿಯ ಚಿಕೋರಿ ಇದರ ಹತ್ತಿರದ ನೆಂಟ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಮಾತ್ರ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಎಲೆಯಲ್ಲಿ ವಿಟಮಿನ್ ಕೆ ಬಹಳ, ಅದು ರಕ್ತ ತೆಳು ಮಾಡುವ ಕೆಲವು ಮಾತ್ರೆಗಳ ಕೆಲಸ ಕುಗ್ಗಿಸುತ್ತದೆ.

ಇಷ್ಟೆಲ್ಲ ಇರುವ ಗಿಡವನ್ನು ಕೊಲ್ಲಬೇಕು ಅಂತ ಕಾಗದ ಬರುತ್ತದಲ್ಲ, ಅದೇ ನನಗೆ ಅರ್ಥವಾಗದ್ದು. ನಮ್ಮ ಹಾಸನದ ಕಡೆ ರಾಗಿ ಹೊಲದಲ್ಲಿ ಕಳೆ ತೆಗೆಯುವುದೂ ಸೊಪ್ಪು ಕೀಳುವುದೂ ಒಂದೇ ಕೆಲಸವಾಗಿತ್ತು. ಹೆಂಗಸರು ಮಡಿಲು ಕಟ್ಟಿಕೊಂಡು ಸಾಲು ಹಿಡಿಯುತ್ತಿದ್ದರು. ಬೇಡದ ಗಿಡ ಬದುವಿಗೆ, ಬೇಕಾದದ್ದು ಮಡಿಲಿಗೆ. ಅಣ್ಣೆ, ಕನ್ನೆ, ಗಣಿಕೆ, ಗೋಣಿ, ಹೊನಗೊನೆ. ಸಂಜೆ ಮೊರದಲ್ಲಿ ಸುರಿದು ಹಸನು ಮಾಡುವಾಗ ಅವ್ವ ಒಂದೊಂದನ್ನೂ ಮೂಸಿ ನೋಡುತ್ತಿದ್ದಳು. ಗಣಿಕೆ ಜಾಸ್ತಿಯಾದರೆ ಕಹಿ ಅಂತ ಒಂದಿಷ್ಟು ತೆಗೆದಿಡುತ್ತಿದ್ದಳು. ಬೆರಕೆ ಸೊಪ್ಪಿನ ರುಚಿ ನಿಂತಿದ್ದೇ ಆ ಅಂದಾಜಿನ ಮೇಲೆ. ಯಾವುದನ್ನೂ ಯಾರೂ ಬಿತ್ತಿರಲಿಲ್ಲ, ಯಾವುದಕ್ಕೂ ಕಾಸು ಕೊಟ್ಟಿರಲಿಲ್ಲ.

ಇಲ್ಲಿ ಅದೇ ಎರಡು ಕೆಲಸವನ್ನು ಬೇರೆ ಮಾಡಿಬಿಟ್ಟಿದ್ದಾರೆ. ಅಂಗಳದ್ದಕ್ಕೆ ವಿಷ, ಅಂಗಡಿಯಲ್ಲಿ ಅದರ ಕಟ್ಟಿಗೆ ಡಾಲರು. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಊರಿನಲ್ಲಿ ಇಟಲಿ ಮೂಲದ ರೈತರು ಇದನ್ನು ಬೆಳೆಯಾಗಿ ಬೆಳೆಯುತ್ತಾ ಬಂದಿದ್ದಾರೆ, ಜಗತ್ತಿನ ಡ್ಯಾಂಡೆಲಿಯನ್ ರಾಜಧಾನಿ ಅಂತ ಆ ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಅಜ್ಜಿಯ ಪ್ರಕಾರ ಕೆಡುಕು ಶುರುವಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1940ರ ದಶಕದ ನಡುವಿನಲ್ಲಿ 2,4-ಡಿ ಅನ್ನುವ ಕಳೆನಾಶಕ ಮಾರುಕಟ್ಟೆಗೆ ಬಂತು. ಅದು ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನಷ್ಟೇ ಸಾಯಿಸುತ್ತದೆ. ಹುಲ್ಲೊಂದೇ ಇರುವ ಅಂಗಳ ಸುಲಭವಾಯಿತು. ಸುಲಭವಾದದ್ದೇ ಮರ್ಯಾದೆಯ ಪ್ರಶ್ನೆಯೂ ಆಯಿತು.

ಇದನ್ನೆಲ್ಲ ಊರಿಗೆ ಫೋನ್ ಮಾಡಿ ತಮ್ಮನಿಗೆ ಸಿಟ್ಟಿನಿಂದ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಣ್ಣ, ನಾವೂ ರಾಗಿಗೆ ಅದನ್ನೇ ಹೊಡೆಯೋದು ಕಣೋ" ಅಂದ. ಅದೇ 2,4-ಡಿ. ರಾಗಿಯೂ ಹುಲ್ಲಿನ ಜಾತಿಯೇ ಅಲ್ವಾ, ಅದು ಉಳಿಯುತ್ತದೆ. ಅಣ್ಣೆ, ಗಣಿಕೆ, ಗೋಣಿ ಹೋಗುತ್ತವೆ.

ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಕಳೆಗೆ ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಗಿಟ್ಟುವುದಿಲ್ಲ. ದಿನವಿಡೀ ಬಗ್ಗಿ ಕಳೆ ಕಿತ್ತ ಹೆಂಗಸರ ಸೊಂಟ ಏನಾಗಿದೆ ಅಂತ ಅವ್ವನನ್ನು ನೋಡಿದರೆ ಗೊತ್ತಾಗುತ್ತದೆ. ಬೆರಕೆ ಸೊಪ್ಪಿನ ಸಾರು ನೆನೆದು ಹಲುಬುವ ನಾನು ಒಂದು ಸಾಲನ್ನೂ ಪೂರ್ತಿ ಕಿತ್ತವನಲ್ಲ. ಇನ್ನೊಂದು ಮಾತನ್ನೂ ಒಪ್ಪಬೇಕು. ಸೊಪ್ಪಿನ ವಿಷಯದಲ್ಲಿ ಈ ಪೆನ್ಸಿಲ್ವೇನಿಯಾದ ಮುದುಕರು ನಮಗಿಂತ ಗಟ್ಟಿ. ಸುತ್ತ ಎಷ್ಟು ವಿಷ ಹೊಡೆದರೂ ಅವರು ವರ್ಷಕ್ಕೊಂದು ದಿನ ಹಿಡಿದಿಟ್ಟುಕೊಂಡಿದ್ದಾರೆ. ಕೆಲವು ಚರ್ಚುಗಳಲ್ಲಿ ಊರವರನ್ನೆಲ್ಲ ಕೂರಿಸಿ ಇದೇ ಸೊಪ್ಪಿನ ಊಟ ಹಾಕುತ್ತಾರೆ. ನಮ್ಮ ಬೆರಕೆ ಸೊಪ್ಪಿಗೆ ಅಂಥ ಹಬ್ಬವಿಲ್ಲ. ದಿನಾ ಸಿಗುತ್ತಿತ್ತಲ್ಲ, ಕಟ್ಟಿಡಬೇಕು ಅಂತ ಯಾರಿಗೂ ತೋಚಲಿಲ್ಲ.

ಬದುವಿನ ಪಕ್ಕದ ನಾಲ್ಕು ಸಾಲಿಗೆ ಹೊಡೆಯಬೇಡ, ಆ ಸಾಲಿನ ಕಳೆ ಕೂಲಿ ನಾನು ಕಳಿಸುತ್ತೇನೆ ಅಂತ ತಮ್ಮನಿಗೆ ಹೇಳಿದ್ದೇನೆ, ಒಪ್ಪಿದ್ದಾನೆ. ಸಂಘಕ್ಕೂ ಉತ್ತರ ಬರೆದಿದ್ದೇನೆ. ಮುಂದಿನ ಅಂಗಳದ್ದನ್ನು ಕೈಯಲ್ಲೇ ಕೀಳುತ್ತೇನೆ, ಹಿತ್ತಲಿನದು ಹಾಗೇ ಇರುತ್ತದೆ, ಎರಡೂ ಕಡೆ ಔಷಧಿ ಹೊಡೆಸುವುದಿಲ್ಲ.